ಗೌಡರಿಗೆ ನಾಲ್ಕು, ನಮಗೆ ಹತ್ತು ಲಕ್ಷ

"ನಿನ್ನೆ ಒಂದ್ ಕೊಡ ಒಯ್ದೀಯಲ್ಲಲೇ ಸೋಮಿ, ಮತ್ತ್ಯಾಕ ಬಂದಿ? ಹೊಟ್ಟ್ಯಾಗೇನ್ ಬಾವಿ ತೋಡಿಸೀಯೇನು?"

ಟ್ಯಾಂಕರಿನ ಪಕ್ಕ ಬೈಕಿನ ಮೇಲೆ ಕುಳಿತೇ ಗಿರಿಮಲ್ಲಪ್ಪಗೌಡ ಕೇಳಿದ. ಸುತ್ತ ನಿಂತವರು ಹಲ್ಲು ಕಿಸಿದರು. ಗೌಡ ಚೇಷ್ಟೆ ಮಾಡಿದಾಗ ನಗದಿದ್ದರೆ ನಾಳೆ ಅವನ ತೋಟದಲ್ಲಿ ಕೂಲಿ ಸಿಗುವುದಿಲ್ಲ.

"ಮಗಳು ಬಾಣಂತಿ ಅದಾಳ್ರಿ ಗೌಡ್ರ. ಹಡದಾಗಿಂದ ಒಮ್ಮೆನೂ ಮೈತುಂಬ ನೀರ ಎರದಿಲ್ರಿ."

"ಎರದ್ರ ಏನ್ ರಾಣಿ ಆಗ್ತಾಳೇನ್ಲೇ? ಅರಬಿ ತೋಯಿಸಿ ಒರಸು, ಸಾಕು."

ಸೋಮವ್ವನ ಮೈ ಉರಿಯಿತು. ಆಣೆಕಟ್ಟಿನ ಹಿನ್ನೀರು ಊರು ನುಂಗಿದಾಗ ಅವಳ ದೇವರ ಜಗುಲಿಯ ಮೇಲೂ ನೀರು ನಿಂತಿತ್ತು. ಬೀಳಗಿ ಕಡೆಯ ಕಲ್ಲುಗುಡ್ಡದ ಮೇಲೆ ಸರ್ಕಾರ ಕಟ್ಟಿಕೊಟ್ಟ ಈ ಹೊಸ ಊರಿಗೆ ಮಾತ್ರ ಕುಡಿಯುವ ನೀರು ಟ್ಯಾಂಕರಿನಲ್ಲೇ ಬರಬೇಕು. ಟ್ಯಾಂಕರು ಗೌಡನದು, ಬಾಡಿಗೆ ಸರ್ಕಾರದ್ದು. ಅದು ಮೊದಲು ಅವನ ದಾಳಿಂಬೆ ತೋಟಕ್ಕೆ ಹೋಗಿ, ಗಿಡಗಳ ಬಾಯಾರಿಕೆ ತೀರಿದ ಮೇಲೆ, ತಳದಲ್ಲಿ ಉಳಿದದ್ದನ್ನು ಕುಲುಕಾಡಿಸುತ್ತ ಹಿಂದಿನ ಓಣಿಗೆ ಬರುತ್ತಿತ್ತು.

ಹೆಂಗಸರು ತಾಲ್ಲೂಕು ಕಚೇರಿಯ ಮುಂದೆ ಬಾಯಿ ಬಡಿದುಕೊಂಡ ಮೇಲೆ ಅಲ್ಲಿಯ ನೀಲಕಂಠ ಸಾಹೇಬರು ವಿಚಾರಣೆಗೆ ಬಂದರು. ಗೌಡನ ಮನೆಯಲ್ಲಿ ಚಹಾ, ಚೂಡಾ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತ ಟ್ಯಾಂಕರಿನ ಹತ್ತಿರ ನಿಂತರು.

"ಖರೆ ಹೇಳು ರಾಚಪ್ಪ. ತೋಟಕ್ಕ ಎಷ್ಟ ಬಿಟ್ಟಿ?"

ಡ್ರೈವರ್ ರಾಚಪ್ಪ ಗೌಡನ ಮುಖ ನೋಡಿದ. "ಐದು ಕಿಲೋಲೀಟರಿನ್ಯಾಗ... ನಾಕ್ರಿ."

ಹೆಂಗಸರು ಹೋ ಎಂದರು. ಸಾಹೇಬರು ಕೈ ಎತ್ತಿದರು.

"ಗದ್ದಲ ಬ್ಯಾಡ. ಲೆಕ್ಕ ತಿಳಕೋರಿ. ಒಂದು ಕಿಲೋಲೀಟರ್ ಅಂದ್ರ ಸಾವಿರ ಲೀಟರ್. ಒಂದು ಲೀಟರ್ ಅಂದ್ರ ಸಾವಿರ ಮಿಲಿಲೀಟರ್. ಹಂಗಾದ್ರ ನಿಮಗ ಉಳದದ್ದು ಎಷ್ಟು? ಹತ್ತು ಲಕ್ಷ ಮಿಲಿಲೀಟರ್! ಗೌಡ್ರಿಗೆ ಹೋದದ್ದು ಬರೇ ನಾಕು."

"ಹತ್ತು ಲಕ್ಷ!" ಮುದುಕ ಭೀಮಶಿ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಜೀವಮಾನದಲ್ಲಿ ಅವನಿಗೆ ಯಾರೂ ಏನನ್ನೂ ಹತ್ತು ಲಕ್ಷ ಕೊಟ್ಟಿರಲಿಲ್ಲ. ಖುಷಿಗೆ ಚಪ್ಪಾಳೆಯನ್ನೂ ತಟ್ಟಿಬಿಟ್ಟ. ಗೌಡ ಮೀಸೆಯಡಿಯಲ್ಲಿ ನಕ್ಕ.

ಸೋಮವ್ವ ತನ್ನ ಕೊಡದೊಳಗೆ ಇಣುಕಿದಳು. ಹತ್ತು ಲಕ್ಷದಲ್ಲಿ ಅವಳ ಪಾಲು ಕೊಡದ ಅರ್ಧಕ್ಕೂ ಬಂದಿರಲಿಲ್ಲ. ಸಾಹೇಬರ ಲೆಕ್ಕ ಅವಳ ತಲೆಗೆ ಹತ್ತಲಿಲ್ಲ. ಆದರೆ ಗೌಡನ ನಗು ಚೆನ್ನಾಗಿ ಹತ್ತಿತು.

"ನಮ್ಮದು ಭಾಳ ತಪ್ಪಾತ್ರಿ ಸಾಹೇಬ್ರ," ಎಂದು ಕೈಮುಗಿದಳು. "ಗೌಡ್ರು ದೊಡ್ಡವ್ರು. ಅವರಿಗೆ ನಾಕು, ನಮ್ಮಂಥ ಬಡವರಿಗೆ ಹತ್ತು ಲಕ್ಷ ಅಂದ್ರ ದೇವರು ಮೆಚ್ಚತಾನೇನ್ರಿ? ನಾಳಿಂದ ನಮಗ ಆ ನಾಕ ಸಾಕ್ರಿ. ಹತ್ತು ಲಕ್ಷ ಅವರಿಗೇ ಇರಲಿ."

ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಸಾಹೇಬರಿಗೆ ಕೆಮ್ಮು ಬಂತು. "ಏ ಭಾಡ್ಯಾ, ಗಾಡಿ ತಗೀಲೇ!" ಎಂದು ಗೌಡ ರಾಚಪ್ಪನ ಮೇಲೆ ಹರಿಹಾಯ್ದ.

ಮರುದಿನ ಮುಂಜಾನೆ ಟ್ಯಾಂಕರು ತೋಟದ ತಿರುವಿಗೆ ಬರುವ ಮೊದಲೇ ಹಿಂದಿನ ಓಣಿ ಹಾದಿಗಡ್ಡ ಕುಳಿತಿತ್ತು. ಮನೆಗೊಂದು ಡ್ರಮ್ಮು, ಕೊಡ, ಬಕೆಟ್ಟು, ಮದುವೆಯ ಹಂಡೆ. ಕೂಸಿನ ತೊಟ್ಟಿಲೊಂದನ್ನು ಬಿಟ್ಟು ತೂತಿಲ್ಲದ ಸಾಮಾನೆಲ್ಲ ಅಲ್ಲಿತ್ತು.

"ಗೌಡ ನನ್ನ ಚರ್ಮ ಸುಲಿತಾನ ಯವ್ವಾ," ಎಂದ ರಾಚಪ್ಪ.

"ನೀ ಯಾಕ ಹೆದರ್ತಿ ತಮ್ಮಾ? ಸಾಹೇಬ್ರ ಲೆಕ್ಕದಾಗ ಗೌಡ್ರಿಗೆ ಹತ್ತು ಲಕ್ಷ ಒಯ್ದು ಕೊಡಾಂವ ನೀನು," ಎಂದಳು ಸೋಮವ್ವ.

ರಾಚಪ್ಪ ಇಳಿದು ಬೀಡಿ ಹಚ್ಚಿ ಮುಖ ಆಚೆ ತಿರುಗಿಸಿದ. ನಳ ಬಿಚ್ಚಿತು.

ಸೋಮವ್ವನ ಬಚ್ಚಲಲ್ಲಿ ಹಂಡೆ ಕುದಿಯಿತು. ಮಗಳು ಮಾಲಾಳ ಬೆನ್ನಿಗೆ ಎಣ್ಣೆ ತಿಕ್ಕಿ, ಸುಡುಸುಡು ನೀರನ್ನು ತಂಬಿಗೆಯ ಮೇಲೆ ತಂಬಿಗೆ ಎರೆದಳು. "ಸಾಕಬೇ ಯವ್ವಾ," ಎಂದರೂ ಬಿಡಲಿಲ್ಲ. ಎರೆಯುತ್ತ ಎರೆಯುತ್ತ ಅವಳಿಗೇ ಅಳು ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಬೈಕು ಗುರ್ರೆಂದಿತು. "ಏ ಸೋಮೀ! ಹೊರಗ ಬಾರಲೇ! ನನ್ನ ನೀರೆಲ್ಲಿ?"

ಹಬೆಯಾಡುವ ತಂಬಿಗೆ ಹಿಡಿದೇ ಅವಳು ಹೊರಗೆ ಬಂದಳು. ಹಿಂದೆಯೇ ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಬಂದು ನಿಂತರು.

"ಟ್ಯಾಂಕರಿನ್ಯಾಗ ಐತ್ರಿ ಗೌಡ್ರ, ಹತ್ತು ಲಕ್ಷ. ನಾವು ಒಂದೂ ಮುಟ್ಟಿಲ್ಲ. ಎಣಿಸಿ ತಗೋರಿ."