ಸಿದ್ದಲಿಂಗವ್ವ ಮತ್ತೆ ಬೀಸಲು ಕುಳಿತದ್ದು

ಪ್ಲೇಗಿಗೆ ಅಂಜಿ ಊರವರೆಲ್ಲ ಹೊಲದ ಗುಡಿಸಲುಗಳಲ್ಲಿದ್ದ ವರ್ಷ ಯರಗಟ್ಟಿಯ ಸಿದ್ದಲಿಂಗವ್ವನಿಗೆ ಚಳಿಜ್ವರ ಬಂದು ಹೋಯಿತು. ಮನೆಗೆ ಮರಳಿದ ದಿನವೇ ಸೊಸೆ ತಂಗೆವ್ವ ಬೀಸುವ ಕಲ್ಲಿನ ಗೂಟವನ್ನು ತಾನೊಬ್ಬಳೇ ಹಿಡಿದಳು. "ಅತ್ತಿ, ಜಲ್ಮಾ ಪೂರಾ ಬೀಸೀರಿ. ಇನ್ನ ಕುಂತು ಶಿವಾ ಶಿವಾ ಅನ್ರಿ." ಅತ್ತೆಯನ್ನು ಕಂಬಳಿಯ ಮೇಲೆ ಕೂರಿಸಿ ಉಣಿಸುವುದೇ ಸೊಸೆಯಾದವಳಿಗೆ ಮಾನ. ನೀರಿನ ತಂಬಿಗೆಯೂ ಕುಳಿತಲ್ಲಿಗೇ ಬರತೊಡಗಿತು.

ಮರುವರ್ಷ ತಂಗೆವ್ವನ ಮಗಳು ಸುಂದರವ್ವ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯ ಹಿರಿಯಾಕೆ ಕುಕ್ಕರಗಾಲಲ್ಲಿ ಕೂತು, ತೊಟ್ಟಿಲ ಕೆಳಗಿನಿಂದ ಕೂಸನ್ನು ಈಸಿಕೊಂಡು, ಎದ್ದು ಮಲಗಿಸಬೇಕು. ಸಿದ್ದಲಿಂಗವ್ವ ಒಳಗೊಳಗೇ ಹಿಗ್ಗಿದಳು. ಆದರೆ ಮೊಮ್ಮಗಳು ಬಂದ ದಿನವೇ ಜೋಳದ ಮೊರ ಎತ್ತಹೋದರೆ ಕೈ ನಡುಗಿ ಕಾಳೆಲ್ಲ ನೆಲದ ಪಾಲು. ಆಯಲು ಕೂತರೆ ಮೊಣಕಾಲು ಏಳಗೊಡಲಿಲ್ಲ. ಜ್ವರ ಬಿಟ್ಟು ವರ್ಷವಾಗಿತ್ತು. ಇದು ಜ್ವರದ ಕೆಲಸವಲ್ಲ, ಕಂಬಳಿಯ ಕೆಲಸ ಎಂದು ಆಕೆಗೆ ಹೊಳೆಯಿತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಸೊಸೆಯ ಎದುರು ಕುಳಿತು ಗೂಟಕ್ಕೆ ಕೈ ಹಾಕಿದಳು.

"ಏಳ್ರಿ ಅತ್ತಿ! ಮುದುಕೀನ ಬೀಸಾಕ ಹಚ್ಚ್ಯಾಳ ಅಂತ ಊರ ಮಂದಿ ನನ್ನ ಮಾರಿಗೆ ಉಗುಳ್ತಾರ."

"ಊರ ಮಂದಿ ಬಂದು ನನ್ನ ಮೊಮ್ಮಗಳ ಕೂಸು ಎತ್ತತಾರೇನ? ತಿರುವು ಸುಮ್ಮನ."

ಕೈ ಸೋತಿತು, ದನಿ ಸೋಲಲಿಲ್ಲ:

ಕಲ್ಲವ್ವ ಸಿಟ್ಟಾಗಿ ಕುಂತೀದಿ ಯಾಕವ್ವ
ಹಲ್ಲಿಲ್ಲದಾಕಿ ಬಂದೇನಿ, ನಿನಮುಂದ
ಮೆಲ್ಲಽನ ಒಮ್ಮೆ ತಿರುಗವ್ವ

ತಂಗೆವ್ವ ನಗುತ್ತ ಭಾರವೆಲ್ಲ ತನ್ನತ್ತ ಎಳೆದುಕೊಂಡಳು.

"ಕಳ್ಳಿ! ನನಗೂ ಒಂಚೂರು ಬಿಡ," ಎಂದಳು ಅತ್ತೆ.

ಮೊದಲು ಹಿಡಿ ಜೋಳ, ಆಮೇಲೆ ಬೊಗಸೆ, ಬರಬರುತ್ತ ಸೇರು. ಬಾವಿಯ ತನಕ ಹೋಗಿ ಬರುವುದೂ ಸುರುವಾಯಿತು. ತೋಳು ನೊಂದಾಗ ತಂಗೆವ್ವ ಕುಸುಬಿ ಎಣ್ಣೆ ತಿಕ್ಕುತ್ತ ಬೈದಳು. ಬೆಳಗಾದರೆ ತಾನೇ ಎದುರಿಗೊಂದು ಮಣೆ ಹಾಕಿಟ್ಟಳು.

ತೊಟ್ಟಿಲ ದಿನ ಸಿದ್ದಲಿಂಗವ್ವ ಕೂಸನ್ನು ಈಸಿಕೊಂಡಳು. ಏಳುವಾಗ ಮೊಣಕಾಲು ಗಳಿಗೆ ಹೊತ್ತು ತಡೆಯಿತು.

"ಸೊಸಿ ಎತ್ತಲಿ ಬಿಡ, ಯವ್ವಾ," ಎಂದಳು ನೆರೆಮನೆಯ ಬಾಯವ್ವ.

ತಂಗೆವ್ವನ ಕೈಗಳು ಮುಂದೆ ಬಂದವು. ಮುಟ್ಟಲಿಲ್ಲ, ಕೂಸಿನ ಕೆಳಗೆ ಬರಿದೇ ಹರಡಿ ನಿಂತವು. ಸಿದ್ದಲಿಂಗವ್ವ ಶಿವಾ ಎಂದು ಉಸಿರೆಳೆದು ಎದ್ದಳು. ಕೂಸು ತೋಳಿನಲ್ಲಿ ಅಲುಗದೆ ನಿದ್ದೆ ಮಾಡುತ್ತಿತ್ತು.

"ಹಾಕ್ರಿ ಅತ್ತಿ, ತೊಟ್ಟಿಲಿಗೆ," ಎಂದು ತಂಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಡಿಯ, ಅವಸರ ಏನೈತಿ?" ಎಂದ ಮುದುಕಿ ಕೂಸಿನ ನೆತ್ತಿ ಮೂಸುತ್ತ ನಿಂತೇ ಇದ್ದಳು.