ಬಲಗೈಯ ಬ್ರೇಕು

ನನ್ನ ಅತ್ತಿಗೆಗೆ ಮೂವತ್ತಾರು ವಯಸ್ಸು. ಬೆಟ್ಟದ ನೆತ್ತಿಯಿಂದ ಸೈಕಲ್ ಮೇಲೆ ಕೆಳಕ್ಕೆ ಬೀಳುವುದು ಅವಳ ಉದ್ಯೋಗ. ಬೀಳುವುದು ಎಂದರೆ ಅವಳಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ, ಇಳಿಯುವುದು ಎನ್ನಬೇಕಂತೆ. ಬೇರು, ಬಂಡೆ, ಮನೆಯೆತ್ತರದ ಜಿಗಿತಗಳನ್ನೆಲ್ಲ ದಾಟಿ ನಾಲ್ಕು ನಿಮಿಷದೊಳಗೆ ತಳ ಸೇರುವುದನ್ನು ಯಾರು ಏನೆಂದು ಕರೆದರೂ ನನಗೆ ಒಂದೇ. ನಾನು ಅವಳ ಸೈಕಲ್ಲಿನ ಮೆಕ್ಯಾನಿಕ್ಕು. ಅವಳ ಗಂಡನ ತಂಗಿಯೂ ಹೌದು. ಹಾಗಾಗಿ ಅವಳ ಮೇಲೆ ರೇಗುವ ಹಕ್ಕು ನನಗೆ ಎರಡು ಕಡೆಯಿಂದ ಬಂದಿದೆ, ಎರಡನ್ನೂ ಧಾರಾಳವಾಗಿ ಬಳಸುತ್ತೇನೆ.

ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಅವಳು ಮೂರು ಸಲ ನಾಲ್ಕನೆಯವಳಾದಳು. ಪದಕ ಇರುವುದು ಮೂವರಿಗೆ. ಈ ಆಟದಲ್ಲಿ ಒಬ್ಬೊಬ್ಬರೇ ಇಳಿಯುತ್ತಾರೆ, ಗಡಿಯಾರವೇ ಎದುರಾಳಿ. ತಳದಲ್ಲಿ ಮೂರು ಕುರ್ಚಿ ಹಾಕಿರುತ್ತಾರೆ. ಆ ಹೊತ್ತಿಗೆ ಯಾರು ಅತಿ ವೇಗದ ಮೂವರೋ ಅವರು ಕ್ಯಾಮೆರಾಗಳ ಎದುರು ಅದರಲ್ಲಿ ಕೂರಬೇಕು. ಇನ್ನೂ ವೇಗದವಳು ಬಂದರೆ ಎಲ್ಲರೂ ಒಂದೊಂದು ಕುರ್ಚಿ ಸರಿಯಬೇಕು, ಮೂರನೆಯವಳು ಎದ್ದು ನಡೆಯಬೇಕು. ಅತ್ತಿಗೆ ಮೂರು ಸಲವೂ ಕೊನೆಯ ಸವಾರಳು ಬರುವ ತನಕ ಕೂತಿದ್ದು, ಮೂರು ಸಲವೂ ಎದ್ದು ಹೋದವಳು. ಹೋದ ವರ್ಷವಂತೂ ಕೂದಲೆಳೆಯಲ್ಲಿ ತಪ್ಪಿತು.

ಈ ಸಲದ್ದು ಕೊನೆಯದು. ಅವಳ ಎಡಭುಜವನ್ನು ಎರಡು ಸಲ ಕೊಯ್ದು ಹೊಲಿದ ವೈದ್ಯರು, ಇನ್ನು ಹೊಲಿಯಲು ಅಲ್ಲಿ ಬಟ್ಟೆ ಉಳಿದಿಲ್ಲ ಎಂದು ಹೇಳಿಬಿಟ್ಟಿದ್ದರು.

ಅವತ್ತು ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಮಂಚದ ನಡುವೆ ಸೈಕಲ್ಲು, ಕಿಟಕಿಯ ಸರಳಿಗೆ ಮೊಣಕಾಲಿನ ಕವಚ, ಸ್ನಾನದ ಮನೆಯ ಕೊಕ್ಕೆಗೆ ಒದ್ದೆ ಕೈಗವಸು. ಅಣ್ಣ ಊರಿನಿಂದ ಫೋನು ಮಾಡಿದ್ದ. ಮಗಳಿಗೆ ಜ್ವರ ಬಂದಿದ್ದರಿಂದ ಅವನು ಈ ಸಲ ಬಂದಿರಲಿಲ್ಲ.

"ಅತ್ತಿಗೆಗೆ ಫೋನ್ ಕೊಡು."

"ಅವಳು ತಿಂಡಿ ತಿಂತಿದಾಳೆ. ಏನು ಹೇಳ್ಬೇಕು ನನಗೇ ಹೇಳು."

"ಹುಷಾರಾಗಿ ಇಳಿ ಅಂತ ಹೇಳು."

ನಾನು ಹೇಳಿದೆ. ಅತ್ತಿಗೆ ಬಾಯಲ್ಲಿದ್ದ ಬ್ರೆಡ್ಡನ್ನು ನುಂಗಿ, "ಹುಷಾರಾಗಿ ಇಳಿಯೋಕೆ ಲಿಫ್ಟ್ ಇದೆ ಅಂತ ಹೇಳು" ಎಂದಳು. ಅವನಿಗೆ ಕೇಳಿಸಿತು, ನಕ್ಕ. ಆದರೂ "ಹೇಳು" ಎಂದು ಇನ್ನೊಂದು ಸಲ ಹೇಳಿಯೇ ಫೋನು ಇಟ್ಟ.

ಮಧ್ಯಾಹ್ನದ ಹೊತ್ತಿಗೆ ನಾವು ಬೆಟ್ಟದ ನೆತ್ತಿಯಲ್ಲಿದ್ದೆವು. ರೋಪ್‌ವೇಯ ತಂತಿಗೆ ತೂಗುವ ಡಬ್ಬಿಯಲ್ಲಿ ಮೇಲೆ ಬರಬೇಕು, ಅದು ಆಮೆಯ ಹಾಗೆ ಸಾಗುತ್ತದೆ. ಅರ್ಹತಾ ಸುತ್ತಿನಲ್ಲಿ ನಿಧಾನವಾದವರು ಮೊದಲು ಇಳಿಯುತ್ತಾರೆ, ಅತಿ ವೇಗದವಳು ಕೊನೆಗೆ. ಅತ್ತಿಗೆ ವೇಗದಲ್ಲಿ ಐದನೆಯವಳು, ಹಾಗಾಗಿ ಅವಳ ಬೆನ್ನಿಗೆ ಇನ್ನು ನಾಲ್ವರು. ಎಲ್ಲರಿಗಿಂತ ಕೊನೆಯವಳು 'ಇಸ್ತ್ರಿ'. ಅವಳು ಹೋದ ದಾರಿಯಲ್ಲಿ ಒಂದು ಸುಕ್ಕೂ ಉಳಿಯುವುದಿಲ್ಲವೆಂದು ನಾನೇ ಇಟ್ಟ ಹೆಸರು. ಹೋದ ವರ್ಷ ಅತ್ತಿಗೆಯನ್ನು ಕುರ್ಚಿಯಿಂದ ಎಬ್ಬಿಸಿದವಳು ಇವಳೇ. ಇಪ್ಪತ್ತೆರಡರ ಹುಡುಗಿ, ದೊಡ್ಡ ತಂಡ, ಮೂರು ವ್ಯಾನು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಕಾರಣ ಕೇಳಬೇಡಿ.

ಟೆಂಟಿನೊಳಗೆ ಸವಾರರೆಲ್ಲ ಉರುಳೆಗಳ ಮೇಲೆ ನಿಲ್ಲಿಸಿದ ಬೇರೆ ಸೈಕಲ್ಲುಗಳಲ್ಲಿ ನಿಂತಲ್ಲೇ ಪೆಡಲ್ ತುಳಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಓಟದ ಸೈಕಲ್ಲುಗಳು ಕಂಬಿಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಅತ್ತಿಗೆಯ ಸರದಿಗೆ ಇನ್ನು ಐದು ಜನ ಇದ್ದರು. ಅಷ್ಟರಲ್ಲಿ ಒಬ್ಬ ಫೋಟೋಗ್ರಾಫರ್ ಒಳ್ಳೆಯ ಕೋನ ಹುಡುಕುತ್ತ ಹಿಂದೆ ಹಿಂದೆ ಬಂದು, ಆ ಕಂಬಿಯ ಮೇಲೆ ಕೂತೇಬಿಟ್ಟ. ಕಂಬಿ ಮಗುಚಿತು. ಮೂರು ಸೈಕಲ್ಲು ನೆಲಕ್ಕೆ, ಎಲ್ಲಕ್ಕಿಂತ ಅಡಿಯಲ್ಲಿ ನಮ್ಮದು.

ಎತ್ತಿ ನೋಡಿದೆ. ಬಲಗಡೆಯ ಬ್ರೇಕಿನ ಹಿಡಿ ಬುಡದಲ್ಲೇ ಮುರಿದಿತ್ತು, ಬ್ರೇಕನ್ನು ಒತ್ತುವ ಎಣ್ಣೆ ಜಿನುಗುತ್ತಿತ್ತು. ಆ ಪುಣ್ಯಾತ್ಮನಿಗೆ ನಾನು ಏನೇನು ಬೈದೆನೋ ಇಲ್ಲಿ ಬರೆಯುವ ಹಾಗಿಲ್ಲ. ಬದಲಿ ಬ್ರೇಕು ಇದ್ದದ್ದು ಕೆಳಗಿನ ವ್ಯಾನಿನಲ್ಲಿ. ಆ ಆಮೆ ಡಬ್ಬಿಯಲ್ಲಿ ಹೋಗಿ ಬರುವುದರೊಳಗೆ ಅತ್ತಿಗೆಯ ಸರದಿ ಮುಗಿದು ಹೋಗಿರುತ್ತದೆ. ಎರಡು ಬ್ರೇಕೂ ಕೆಲಸ ಮಾಡದೆ ಸೈಕಲ್ಲನ್ನು ಹೊರಡುವ ಗೇಟಿಗೇ ಬಿಡುವುದಿಲ್ಲ.

ಇಸ್ತ್ರಿಯ ಮೆಕ್ಯಾನಿಕ್ಕು, ಗಡ್ಡದವನು, ಬಂದು ಬಗ್ಗಿ ನೋಡಿದ. ಅವನ ಪೆಟ್ಟಿಗೆಯಲ್ಲಿ ಎಣ್ಣೆ ತುಂಬಿ ಸಿದ್ಧವಾಗಿದ್ದ ಒಂದು ಪೂರ್ತಿ ಮುಂದಿನ ಬ್ರೇಕು ಇತ್ತು. ಕೊಡಬಹುದೋ ಬೇಡವೋ ಎಂದು ತನ್ನ ಸವಾರಳ ಕಡೆ ತಿರುಗಿದ. ಅವಳು ತುಳಿಯುವುದನ್ನು ನಿಲ್ಲಿಸದೆ ಒಂದು ಕಿವಿಯ ಹೆಡ್‌ಫೋನ್ ಸರಿಸಿ, "ಕೊಡು, ಅದೇನು ಕೇಳ್ತೀಯ" ಎಂದಳು.

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅದು ಎಡಗೈಯ ಬ್ರೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿದ್ದ ಸವಾರರೆಲ್ಲ ಮುಂದಿನ ಚಕ್ರದ ಬ್ರೇಕನ್ನು ಎಡಗೈಯಲ್ಲಿ ಹಿಡಿಯುವವರು. ಅತ್ತಿಗೆ ಮಾತ್ರ ಮೊದಲು ಮೋಟಾರ್ ಸೈಕಲ್ಲಿನಲ್ಲಿ ಕಲಿತವಳು, ಅವಳಿಗೆ ಮುಂದಿನದು ಬಲಗೈ, ಹಿಂದಿನದು ಎಡಗೈ. ಗಡ್ಡದವನು ಕೊಟ್ಟ ಬ್ರೇಕಿನ ಕೊಳವೆ ಎಡಗಡೆಗೆ ಅಳೆದು ಕತ್ತರಿಸಿದ್ದು, ಬಲಕ್ಕೆ ಎಟುಕುವುದೇ ಇಲ್ಲ. ನಮ್ಮ ಹಿಂದಿನ ಬ್ರೇಕಿನ ಹಿಡಿಯನ್ನು ಎಡದಿಂದ ಬಿಚ್ಚಿ ಬಲಕ್ಕೆ ಕೂರಿಸಬಹುದು. ಅಂದರೆ ಎರಡು ಕೈಯೂ ಅದಲುಬದಲು. ತಿರುವಿನಲ್ಲಿ ಹಿಂದಿನ ಚಕ್ರವನ್ನು ಒಂದಿಷ್ಟು ಜಾರಿಸೋಣವೆಂದು ಅವಳ ಎಡಗೈ ಹಿಡಿ ಒತ್ತುತ್ತದೆ, ಒತ್ತಿದ್ದು ಮುಂದಿನದಾಗಿದ್ದರೆ ಸೈಕಲ್ಲು ನಿಲ್ಲುತ್ತದೆ, ಅತ್ತಿಗೆ ನಿಲ್ಲುವುದಿಲ್ಲ.

"ಹಾಕು" ಎಂದಳು ಅತ್ತಿಗೆ.

"ತಲೆ ನೆಟ್ಟಗಿದೆಯಾ? ಕೈ ಹೇಳಿದ ಮಾತು ಕೇಳತ್ತಾ? ಇಪ್ಪತ್ತು ವರ್ಷದ ಅಭ್ಯಾಸ!"

"ಹಾಕೆ. ಬೈಯೋದಿದ್ರೆ ಬೈತಾ ಹಾಕು."

ಬೈಯುತ್ತಲೇ ಹಾಕಿದೆ. ಗಡ್ಡದವನು ಮುಂದಿನ ಚಕ್ರದ ಹತ್ತಿರ ಕೂತ, ನಾನು ಹಿಡಿಕೆಯ ಹತ್ತಿರ ನಿಂತೆ. ನನ್ನ ಅವಸರಕ್ಕೆ ತಿರುಪು ಎರಡು ಸಲ ಕೈಜಾರಿ ಬಿತ್ತು. ಗೇಟಿನಿಂದ ಒಬ್ಬೊಬ್ಬರೇ ಹೊರಡುವ ಬೀಪ್ ಸದ್ದು ಕೇಳಿಸುತ್ತಿತ್ತು. ಎಡಗಡೆಯ ಹಿಡಿಯನ್ನು ಬಿಗಿ ಮಾಡಬೇಕು ಅನ್ನುವಾಗ ನನಗೆ ಥಟ್ಟನೆ ಹೊಳೆಯಿತು. ಅದನ್ನು ಮಾಮೂಲಿ ಜಾಗದಲ್ಲಿ ಬಿಗಿಯಲಿಲ್ಲ. ನಾಲ್ಕು ಬೆರಳಷ್ಟು ಒಳಕ್ಕೆ ಸರಿಸಿ, ಮೂತಿಯನ್ನು ನೆಲದ ಕಡೆ ತಿರುಗಿಸಿ ಬಿಗಿದೆ.

"ಇದೇನೆ ಇದು?" ಅತ್ತಿಗೆ ಹಿಡಿದು ನೋಡಿದಳು. "ಬೆರಳಿಗೆ ಸಿಗೋದೇ ಇಲ್ವಲ್ಲ."

"ಅಭ್ಯಾಸದ ಬೆರಳಿಗೆ ಸಿಗಬಾರದು. ಬೇಕು ಅಂತ ಹುಡುಕಿದ್ರೆ ಮಾತ್ರ ಸಿಗಬೇಕು. ಬಲಗೈಲಿ ಹಿಂದಿನ ಬ್ರೇಕಿದೆ, ಅದರಲ್ಲೇ ಇಳಿ. ಗಾಬರಿಯಾಗಿ ಬಲಗೈ ಗಟ್ಟಿ ಹಿಡಿದ್ರೂ ಹಿಂದಿನ ಚಕ್ರ ಜಾರತ್ತೆ ಅಷ್ಟೆ, ನೀನು ಹಾರಲ್ಲ."

"ಹಿಂದಿನದೊಂದರಲ್ಲೇ ಆ ಬಂಡೆ ಸಂದೀಲಿ, ಕಲ್ಲಿನ ಗಂಟಲಲ್ಲಿ, ನಿಧಾನ ಆಗೋಕಾಗಲ್ಲ."

"ಆಗಬೇಡ ಹಾಗಾದ್ರೆ!"

ಬಾಯಿ ಜಾರಿ ಬಂದ ಮಾತು ಅದು, ಸತ್ಯವಾಗಿ ಹೇಳುತ್ತೇನೆ. ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಹೆಲ್ಮೆಟ್ ಹಾಕಿಕೊಂಡಳು. ಪರೀಕ್ಷಕರು ಎರಡು ಹಿಡಿಯನ್ನೂ ಒತ್ತಿ ನೋಡಿ, ಎಡಗಡೆಯದು ಇಟ್ಟಿರುವ ಜಾಗ ಕಂಡು ಹುಬ್ಬೇರಿಸಿದರು. ಬ್ರೇಕು ಹಿಡಿಯುತ್ತಿತ್ತು, ಬಿಟ್ಟರು. ಬೀಪ್, ಬೀಪ್, ಬೀಪ್. ಅತ್ತಿಗೆ ಹೋದಳು.

ಟೆಂಟಿನ ಪರದೆಯ ಎದುರು ನಿಂತೆ. ಮೊದಲ ತಿರುವಿನಲ್ಲೇ ಅವಳ ಎಡ ತೋರುಬೆರಳು ಗಾಳಿಯಲ್ಲಿ ಹಿಡಿ ಹುಡುಕಿತು, ಸಿಗಲಿಲ್ಲ. ಎರಡನೆಯ ತಿರುವಿನಲ್ಲೂ ಹುಡುಕಿತು. ಮೂರನೆಯದಕ್ಕೆ ಬೆರಳು ಮಡಚಿಕೊಂಡಿತ್ತು. "ಜಾಣೆ! ಜಾಣೆ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದಲ್ಲಿದ್ದವರು ಬೆಚ್ಚಿಬಿದ್ದರು. ಬೇರಿನ ಜಾಗದಲ್ಲಿ ಹಿಂದಿನ ಚಕ್ರ ಅತ್ತಿತ್ತ ಒದ್ದಾಡಿತು, ಅವಳು ಬಿಡಲಿಲ್ಲ. ದಾರಿಯ ನಡುವೆ ಸಮಯ ಅಳೆಯಲು ಇಟ್ಟ ಮೊದಲ ಗಡಿಯಾರದಲ್ಲಿ ಹಿಂದೆ ಬಿದ್ದಿದ್ದಳು.

ಆಮೇಲೆ ಕಲ್ಲಿನ ಗಂಟಲು ಬಂತು. ಎರಡು ಬಂಡೆಗಳ ನಡುವಿನ ಕಡಿದಾದ ಸಂದು ಅದು, ಎಲ್ಲರೂ ಮುಂದಿನ ಬ್ರೇಕು ಹಿಡಿದು ಮೆಲ್ಲಗೆ ಒಳಗಿಳಿಯುತ್ತಾರೆ. ಅತ್ತಿಗೆಗೆ ಮೆಲ್ಲಗೆ ಆಗುವ ದಾರಿಯೇ ಇರಲಿಲ್ಲ. ಅವಳು ಸಂದಿಗೆ ಇಳಿಯಲೇ ಇಲ್ಲ. ಎಡಗಡೆಯ ಬಂಡೆಯ ನೆತ್ತಿಗೆ ಏರಿ, ಅಲ್ಲಿಂದ ಇಡೀ ಗಂಟಲನ್ನು ಹಾರಿ, ಆಚೆಯ ಇಳಿಜಾರಿನ ಮೇಲೆ ಬಂದು ಇಳಿದಳು. ಅಭ್ಯಾಸದ ದಿನಗಳಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಟೆಂಟಿನಲ್ಲಿ ಉರುಳೆಗಳ ಸದ್ದು ಒಮ್ಮೆಲೇ ನಿಂತುಹೋಯಿತು. ಆ ಸೀಳಿ ಹೊಲಿದ ಭುಜ ಇಷ್ಟನ್ನೂ ಹೇಗೆ ತಡೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ಗಡಿಯಾರದಲ್ಲಿ ಅವಳು ಮುಂದಿದ್ದಳು! ಪೂರ್ತಿ ನೋಡುವಷ್ಟು ತಾಳ್ಮೆ ನನಗೆ ಎಲ್ಲಿಂದ ಬರಬೇಕು? ಸಲಕರಣೆಯ ಚೀಲ ಬಗಲಿಗೆ ಹಾಕಿಕೊಂಡು ತೂಗುವ ಡಬ್ಬಿಯ ಕಡೆ ಓಡಿದೆ.

ಆ ಡಬ್ಬಿಯಲ್ಲಿ ನಾನೊಬ್ಬಳೇ. ಅಣ್ಣನ ಫೋನು ಬಂತು.

"ಮೊದಲನೇ ಕುರ್ಚಿ!" ಅವನು ಅಳುತ್ತಿದ್ದನೋ ನಗುತ್ತಿದ್ದನೋ. "ಮೊದಲನೇ ಕುರ್ಚೀಲಿ ಕೂತಿದಾಳೆ!"

"ಇನ್ನೂ ನಾಲ್ಕು ಜನ ಇದಾರೆ. ಬಾಯಿ ಮುಚ್ಚಿಕೊಂಡು ಟೀವಿ ನೋಡು. ಆಮೇಲೆ ಏನಾಯ್ತು?"

"ಬಾಯಿ ಮುಚ್ಚಿಕೊಂಡು ಹೇಗೆ ಹೇಳ್ಲಿ?"

ಮೊದಲಿನವಳು ಬೇರಿನ ಮೇಲೆ ಜಾರಿ ಬಿದ್ದಳಂತೆ, ಪೆಟ್ಟಾಗಲಿಲ್ಲವಂತೆ. ಎರಡನೆಯವಳು ಅತ್ತಿಗೆಗಿಂತ ವೇಗವಾದಳು. ಅತ್ತಿಗೆ ಒಂದು ಕುರ್ಚಿ ಸರಿದಳು. ಡಬ್ಬಿ ತೆವಳುತ್ತಲೇ ಇತ್ತು, ಇಳಿದು ತಳ್ಳೋಣ ಅನ್ನಿಸಿತು. ಮೂರನೆಯವಳೂ ಮುಂದೆ ಹೋದಳು. ಅತ್ತಿಗೆ ಮೂರನೆಯ ಕುರ್ಚಿಗೆ ಬಂದಳು. ಉಳಿದವಳು ಇಸ್ತ್ರಿ ಒಬ್ಬಳೇ.

ನಾನು ಬೇಲಿ ಹಾರಿ ಕುರ್ಚಿಗಳ ಹತ್ತಿರ ಬಂದಾಗ ಇಸ್ತ್ರಿ ಹೊರಟಾಗಿತ್ತು. ಅತ್ತಿಗೆ ಎರಡು ಕೈಯಲ್ಲೂ ಕುರ್ಚಿಯ ಅಂಚು ಹಿಡಿದು, ಮುಖದ ತುಂಬ ಮಣ್ಣು ಮಾಡಿಕೊಂಡು ಕೂತಿದ್ದಳು. ನಾನು ಅವಳ ಹಿಂದೆ ನಿಂತೆ. ಇಸ್ತ್ರಿ ಮೊದಲ ಗಡಿಯಾರದಲ್ಲಿ ಮುಂದು. ಎರಡನೆಯದರಲ್ಲೂ ಮುಂದು. ಬೀಳಲಿ, ಎಲ್ಲಾದರೂ ಬೀಳಲಿ ಎಂದು ನನ್ನ ಮನಸ್ಸು ಹೇಳಿತು. ನಮಗೆ ಬ್ರೇಕು ಕೊಟ್ಟ ಹುಡುಗಿಯ ಬಗ್ಗೆ! ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಮನಸ್ಸು ಸುಮ್ಮನಾಗಲಿಲ್ಲ.

ಅವಳು ಬೀಳಲಿಲ್ಲ. ಕಾಡಿನಿಂದ ಹೊರಗೆ ಬಂದಳು, ಜನ ಗಂಟೆ ಬಾರಿಸಿದರು, ಕಹಳೆ ಊದಿದರು. ಕೊನೆಯ ತಿರುವಿನಲ್ಲಿ, ಎಲ್ಲರೂ ತುಳಿದು ಪುಡಿಯಾಗಿದ್ದ ಮಣ್ಣಿನಲ್ಲಿ, ಅವಳ ಮುಂದಿನ ಚಕ್ರ ಒಂದು ಗೇಣು ಹೊರಗೆ ಜಾರಿತು. ಒಂದೇ ಗೇಣು. ಅವಳು ಕಾಲೂರಲಿಲ್ಲ, ಸರಿಪಡಿಸಿಕೊಂಡು, ಹಲ್ಲು ಕಚ್ಚಿ ತುಳಿದು, ಗೆರೆ ದಾಟಿದಳು.

ದೊಡ್ಡ ಪರದೆಯಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಎಂದು ಮೂಡಿತು.

ನಾನು ಏನು ಮಾಡಿದೆನೆಂದು ಸರಿಯಾಗಿ ನೆನಪಿಲ್ಲ. ಕೂಗಿದೆ, ಚೀಲ ಎಸೆದೆ, ಗುರುತಿಲ್ಲದ ಯಾರೋ ಮುದುಕಪ್ಪನನ್ನು ತಬ್ಬಿಕೊಂಡು ಕುಣಿದೆ. ಫೋನಿನಲ್ಲಿ ಅಣ್ಣ ಬೊಬ್ಬೆ ಹಾಕುತ್ತಿದ್ದ, ಜ್ವರದ ಮಗಳೂ ಕಿರುಚುತ್ತಿದ್ದಳು. ಮೂರನೆಯವಳು! ನಮ್ಮ ಅತ್ತಿಗೆ ಜಗತ್ತಿಗೇ ಮೂರನೆಯವಳು! ತಬ್ಬಿಕೊಳ್ಳೋಣವೆಂದು ತಿರುಗಿದರೆ ಕುರ್ಚಿ ಖಾಲಿ.

ಅತ್ತಿಗೆ ಗೆರೆಯ ಆಚೆ ಇದ್ದಳು. ಇಸ್ತ್ರಿ ಸೈಕಲ್ಲಿನ ಮೇಲೆ ಕೂತೇ, ಹೆಲ್ಮೆಟ್ ತೆಗೆಯದೆ, ಪರದೆಯನ್ನು ನೋಡುತ್ತಿದ್ದಳು. ಅವಳ ತಂಡದವರು ನಾಲ್ಕಾರು ಜನ ಹತ್ತಿರ ಬಂದಿದ್ದರು. ಒಬ್ಬ "ಛೆ, ಸ್ವಲ್ಪದರಲ್ಲಿ ತಪ್ಪಿತು" ಎಂದ. ಇನ್ನೊಬ್ಬ "ಮುಂದಿನ ವರ್ಷ ಇದೆಯಲ್ಲ" ಎಂದ. ಕ್ಯಾಮೆರಾಗಳು ಅವಳ ಕನ್ನಡಕದೊಳಗೆ ಇಣುಕುತ್ತಿದ್ದವು. ಅತ್ತಿಗೆ ಅವರನ್ನೆಲ್ಲ ಮೊಣಕೈಯಿಂದ ಸರಿಸಿ ಒಳಗೆ ನುಗ್ಗಿದಳು. ಕ್ಯಾಮೆರಾಗಳಿಗೆ ತನ್ನ ಬೆನ್ನು ಕೊಟ್ಟು, ಆ ಹುಡುಗಿಯ ತಲೆಯನ್ನು ತನ್ನ ಹೊಲಿಗೆ ಹಾಕಿದ ಭುಜಕ್ಕೆ ಒತ್ತಿಕೊಂಡು ನಿಂತಳು. ಒಂದು ಮಾತೂ ಆಡಲಿಲ್ಲ. ಹುಡುಗಿಯ ಬೆನ್ನು ಕುಲುಕತೊಡಗಿತು.

ಮೂರು ವರ್ಷವೂ ಅತ್ತಿಗೆ ಎದ್ದು ಹೋದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಮೂರು ಸಲವೂ "ಛೆ, ಸ್ವಲ್ಪದರಲ್ಲಿ" ಎಂದೇ ಹೇಳಿದ್ದೆ. ಆ ಹೊತ್ತಿಗೆ ಬೇಕಾದದ್ದು ಏನೆಂದು ಆ ಬೆಟ್ಟದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಧ್ವನಿವರ್ಧಕದಲ್ಲಿ ಪದಕ ಪಡೆಯುವವರು ವೇದಿಕೆಗೆ ಬರಬೇಕೆಂದು ಕರೆದರು. ಮತ್ತೊಮ್ಮೆ ಕರೆದರು. ಒಬ್ಬ ಅಧಿಕಾರಿ ಓಡಿ ಬಂದು ಅವಸರ ಮಾಡಿದ.

ಅತ್ತಿಗೆ ತಲೆ ಮಾತ್ರ ನನ್ನ ಕಡೆ ತಿರುಗಿಸಿದಳು. "ಬರ್ತೀನಿ ಅಂತ ಹೇಳು," ಎಂದಳು. "ಇವಳದು ಇನ್ನೂ ಮುಗಿದಿಲ್ಲ."

ನಾನು ಹೋಗಿ ಹಾಗೆಯೇ ಹೇಳಿದೆ.