ಗಂಗಪ್ಪನ ಹೆಂಡತಿಯ ಕಾರ್ಡು

ಆ ಊರಿನ ಹೆಸರು ಬೇಡ ಬಿಡಿ. ಚಿಗಟೇರಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ, ಅಷ್ಟು ಸಾಕು. ವರ್ತಕರು ಸೇರಿ ಕಟ್ಟಿಸಿದ ಒಂದು ಧರ್ಮಾಸ್ಪತ್ರೆ, ಅದರ ಕಿಟಕಿಯಲ್ಲಿ ಕಾರ್ಡು ಹುಡುಕಿ ಕೊಡುವ ಹುಲುಗಣ್ಣ. ಅಕ್ಷರ ಮುತ್ತಿನಂಥದ್ದು, ನಾಲಿಗೆ ಮಾತ್ರ ಕತ್ತರಿ.

ಎಂಬತ್ತೆಂಟರಲ್ಲಿ ದಾವಣಗೆರೆಯ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಕಂಪ್ಯೂಟರ್ ದಾನ ಕೊಟ್ಟರು. ಅದನ್ನು ಕಲಿತು ಬಂದ ಪಕ್ಕೀರಮ್ಮ ಅದರ ಮುಂದೆ ಕೂತಳು. ನಾಲ್ಕು ಸಾವಿರ ಕಾರ್ಡು ಅದರ ಹೊಟ್ಟೆಗೆ ಹೋಗಬೇಕು. ಆಮೇಲೆ ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ, ಯಾರು ಬಹಳ ದಿನದಿಂದ ಬಂದಿಲ್ಲ, ಎಲ್ಲವನ್ನೂ ಅದು ತಾನೇ ಹೇಳುತ್ತದಂತೆ. ಡಾಕ್ಟರರಿಗೆ ಹಿಗ್ಗೋ ಹಿಗ್ಗು. ಹುಲುಗಣ್ಣನಿಗೆ ಮಾತ್ರ ದಿಗಿಲು.

ಯಾಕೆಂದರೆ ಆ ನಾಲ್ಕು ಸಾವಿರದಲ್ಲಿ ಒಂದು ಕಾರ್ಡು ಆರು ವರ್ಷದಿಂದ ಅವನ ನಿದ್ದೆ ತಿಂದಿತ್ತು.

ಉಚ್ಚಂಗಿ ಗುಡ್ಡದ ದೇವಿ ಉಚ್ಚಂಗೆಮ್ಮನ ಹೆಸರಿಡದ ಮನೆ ಈ ಸೀಮೆಯಲ್ಲಿ ಎಲ್ಲಿದೆ? ಒಂದೇ ಹಳ್ಳಿಯಲ್ಲಿ ಇಬ್ಬರು ಉಚ್ಚಂಗೆಮ್ಮಂದಿರು. ಒಬ್ಬಳು ಓಬಳೇಶನ ಹೆಂಡತಿ, ಇನ್ನೊಬ್ಬಳು ಬಸ್ ಕಂಡಕ್ಟರ್ ಗಂಗಪ್ಪನ ಹೆಂಡತಿ. ಕಾರ್ಡು ಹುಡುಕಲು ಗಂಡನ ಹೆಸರು ಬೇಕು. ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದುಂಟೇ? ಸೆರಗು ಬಾಯಿಗೆ ಇಟ್ಟುಕೊಂಡು ನಿಲ್ಲುತ್ತಾರೆ. ಹಿಂದೆ ನಿಂತವಳು ಯಾರಾದರೂ ಹೇಳಿಬಿಡುತ್ತಾಳೆ, ಕೆಲಸ ನಡೆಯುತ್ತದೆ. ಎಷ್ಟೋ ವರ್ಷ ಹಾಗೇ ನಡೆದಿತ್ತು.

ಎಂಬತ್ತೆರಡರ ಆ ಸಂತೆಯ ದಿನ ಗಂಗಪ್ಪನ ಉಚ್ಚಂಗೆಮ್ಮ ಸಾಲಿನಲ್ಲಿ ಕೊನೆಯವಳು. ಹಿಂದೆ ಯಾರೂ ಇರಲಿಲ್ಲ. ಎರಡು ಗಂಟೆಯ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು, ಹುಲುಗಣ್ಣ ಅದನ್ನು ಹಿಡಿಯಬೇಕಿತ್ತು.

"ಗಂಡನ ಹೆಸರೇನವ್ವಾ?"

"ನಮ್ಮನಿಯವರು..." ಎಂದು ಅವಳು ತಲೆ ಬಗ್ಗಿಸಿದಳು.

"ನಿಮ್ಮನಿಯವರು ಅಂತ ಕಾರ್ಡಿನ್ಯಾಗ ಬರ್ದಿರ್ತಾರೇನು? ಓಬಳೇಶನಾ?"

ಅವಳು ನಾಚಿ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ಪರಗಂಡಸಿನ ಎದುರು ಗಂಡನ ಮಾತು ಬಂದದ್ದಕ್ಕೆ ನಾಚಿದಳು, ಅಷ್ಟೇ. ಹುಲುಗಣ್ಣ ಅದನ್ನೇ ಹೌದು ಎಂದುಕೊಂಡು ಓಬಳೇಶನ ಹೆಂಡತಿಯ ಕಾರ್ಡು ಎಳೆದುಕೊಟ್ಟ. ಪೆನಿಸಿಲಿನ್ ಸೂಜಿ ಎರಡು ಸಲ ಒಗ್ಗಿದೆ ಎಂದು ಅದರಲ್ಲಿತ್ತು. ಹೊಸದಾಗಿ ಬಂದಿದ್ದ ಡಾಕ್ಟರು ಅದನ್ನು ನೋಡಿ ಅದೇ ಸೂಜಿ ಹಾಕಿದರು. ಗಂಗಪ್ಪನ ಹೆಂಡತಿಯ ಕಾರ್ಡು ಪೆಟ್ಟಿಗೆಯಲ್ಲೇ ಉಳಿಯಿತು. ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂದಿತ್ತು. ಹಿಂದಿನ ಡಾಕ್ಟರು ಅವಳಿಗೆ, "ಕಾರ್ಡಲ್ಲಿ ಬರೆದೀನಮ್ಮ, ನೀನೇನೂ ನೆನಪಿಡಬೇಕಿಲ್ಲ" ಎಂದು ಧೈರ್ಯ ಹೇಳಿದ್ದರು.

ಅವಳು ಬಾಗಿಲು ದಾಟಲಿಲ್ಲ. ಹಸಿರು ಬಳೆಯ ಕೈ ಹೊಸ್ತಿಲ ಮೇಲೆ ಬಿತ್ತು.

ಸೂಜಿ ನಂಜಾಯಿತು, ಹಣೆಬರಹ ಎಂದರು ಜನ. ಡಾಕ್ಟರು ಕೈಯಲ್ಲಿದ್ದ ಕಾರ್ಡಿನ ಮೇಲೆಯೇ 'ಮೃತ' ಎಂದು ಬರೆದು, ತಿಂಗಳೊಳಗೆ ಊರು ಬಿಟ್ಟರು. ಓಬಳೇಶನ ಸಂಸಾರ ಅಷ್ಟರಲ್ಲಿ ದುಡಿಯಲು ದಾವಣಗೆರೆಗೆ ಹೋಗಿತ್ತು, ಕೇಳುವವರಿರಲಿಲ್ಲ. ಕಾಗದದಲ್ಲಿ ಬದುಕಿದವಳು ಸತ್ತಳು, ಸತ್ತವಳು ಬದುಕಿದಳು. ಗೊತ್ತಿದ್ದವನು ಹುಲುಗಣ್ಣ ಒಬ್ಬನೇ. ಬಾಯಿ ಬಿಡಲಿಲ್ಲ, ಹೇಡಿ!

ಅಂದಿನಿಂದ ಆ ಸತ್ತವಳು ದಿನಾ ಅವನ ಕಿಟಕಿಗೆ ಬರುತ್ತಿದ್ದಳು. ಸಾಲು ಕರಗಿ ಕಿಟಕಿ ಖಾಲಿಯಾದ ಮೇಲೆ, ಕೊನೆಯವಳಾಗಿ. ಹಸಿರು ಬಳೆ, ಬಗ್ಗಿಸಿದ ತಲೆ. ಅವಸರದಲ್ಲಿ ಅವನು ಅವಳ ಮುಖವನ್ನೇ ನೋಡಿರಲಿಲ್ಲ. ಆದ್ದರಿಂದ ಬರುವವಳಿಗೂ ಮುಖವಿರಲಿಲ್ಲ. ಎರಡು ಗಂಟೆಯ ಬಸ್ಸನ್ನು ಅವನು ಮತ್ತೆ ಎಂದೂ ಹತ್ತಲಿಲ್ಲ.

ಹೀಗಿರುವಾಗ ಒಂದು ದಿನ ಪಕ್ಕೀರಮ್ಮ ಆ ಕಾರ್ಡು ಎತ್ತಿ ಹಿಡಿದಳು.

"ಹುಲುಗಣ್ಣಾರ, ಉಚ್ಚಂಗೆಮ್ಮ, ಗಂಡ ಗಂಗಪ್ಪ. ಕಾರ್ಡಿನ ಪ್ರಕಾರ ಎಂಟು ವರ್ಷದಿಂದ ಬಂದಿಲ್ಲ. ಅದಾಳೋ ಇಲ್ಲೋ?"

ಹೇಳಲು ಅದೇ ಸಮಯವಾಗಿತ್ತು.

"ಅದಾಳ," ಎಂದ. "ಅದಾಳ, ಬರ್ಕೋ."

ಪಕ್ಕೀರಮ್ಮ ಟಕಟಕ ಹೊಡೆದಳು. ಯಂತ್ರಕ್ಕೇನು ಗೊತ್ತು, ಹೇಳಿದ್ದನ್ನು ನಂಬಿತು.

ಎರಡು ತಿಂಗಳ ಮೇಲೆ ಅದು ಐದು ವರ್ಷದಿಂದ ಬಾರದವರ ಪಟ್ಟಿ ಹೊರಹಾಕಿತು. ನರ್ಸಮ್ಮ ಅದನ್ನು ನೋಡಿ, ತಪಾಸಣೆಗೆ ಬನ್ನಿ ಎಂದು ಒಬ್ಬೊಬ್ಬರಿಗೂ ಕನ್ನಡದಲ್ಲಿ ಚೀಟಿ ಬರೆದು, ಒಗ್ಗದ ಔಷಧಿಯನ್ನೂ ಕೆಳಗೆ ಸೇರಿಸಿ, ಮನೆಮನೆಗೆ ಮುಟ್ಟಿಸಿ ಬಂದಳು.

ಮರುದಿನ ಮಧ್ಯಾಹ್ನ, ಸಾಲು ಕರಗಿದ ಹೊತ್ತಿಗೆ, ಖಾಕಿ ಅಂಗಿಯ ಗಂಗಪ್ಪ ಚೀಟಿ ಹಿಡಿದು ಕಿಟಕಿಗೆ ಬಂದ. ಸಿಟ್ಟಿರಲಿಲ್ಲ. ಹೆದರಿದವನಂತೆ ಇದ್ದ.

"ನಮ್ಮನಿಯಾಕಿನ ತಪಾಸಣಿಗೆ ಕರ್ದೀರಿ. ಅಕಿ ಸತ್ತು ಆರು ವರ್ಷ ಆತ್ರಿ. ಇಲ್ಲೇ, ನಿಮ್ಮ ಬಾಗಲಾಗ." ಬೆರಳು ಚೀಟಿಯ ಕೊನೆಯ ಸಾಲಿಗೆ ಇಳಿಯಿತು. "ಪೆನಿಸಿಲಿನ್ ಕೊಡಬಾರದು ಅಂತ ಬರ್ದೈತಿ. ಇದು ನಿಮಗ ಮೊದ್ಲ ಗೊತ್ತಿತ್ತಾ?"

ಪಕ್ಕೀರಮ್ಮನ ಕೈ ನಿಂತಿತು. ಗಂಗಪ್ಪನ ಹೆಗಲ ಹಿಂದೆ ದಿನಾ ಬರುವವಳು ನಿಂತಿದ್ದಳು, ಬಗ್ಗಿಸಿದ ತಲೆ, ಹಸಿರು ಬಳೆ. ಹುಲುಗಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಬಸ್ಸಿನ ಹಾರನ್ನು, ತಾನು ರೇಗಿದ್ದನ್ನು, ಓಬಳೇಶನ ಹೆಂಡತಿಯ ಕಾರ್ಡು ಕೊಟ್ಟದ್ದನ್ನು, ಎಲ್ಲವನ್ನೂ ಅಳುತ್ತಾ ಹೇಳಿದ.

ಗಂಗಪ್ಪ ಹೊಡೆಯುತ್ತಾನೆ ಎಂದುಕೊಂಡಿದ್ದ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕಿಟಕಿಯ ಕಟ್ಟೆಗೆ ಕೈಯೂರಿದ.

"ಗಂಡನ ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಕ್ಕತಿ ಅಂತಿದ್ಲು," ಎಂದ. "ಒಮ್ಮಿ ಹೇಳಲೇ, ಏನಾಕ್ಕತಿ ನೋಡಾಣ ಅಂತ ನಾನು ಕಾಡ್ತಿದ್ದೆ. ಹೇಳಲೇ ಇಲ್ಲ ನೋಡ್ರಿ."

ಆಮೇಲೆ ಪಕ್ಕೀರಮ್ಮನ ಕಡೆ ತಿರುಗಿದ. "ಸತ್ತಾಳ ಅಂತ ಬರಿಯವ್ವಾ."

ಪಕ್ಕೀರಮ್ಮ ಬರೆದಳು. ಪರದೆಯ ಮೇಲೆ ಮುಂದಿನ ಸಾಲು ಖಾಲಿ ಮಿನುಗುತ್ತಿತ್ತು. "ಕಾರಣ ಕೇಳಾಕತ್ತೈತಿ," ಎಂದಳು ಮೆಲ್ಲಗೆ.

ಹೊರಗೆ ಎರಡು ಗಂಟೆಯ ಬಸ್ಸು ಹಾರನ್ ಹೊಡೆಯಿತು.

"ಬ್ಯಾರೆಯವರ ಕಾರ್ಡು ಕೊಟ್ಟದ್ದಕ್ಕ," ಎಂದ ಹುಲುಗಣ್ಣ. "ಕೊಟ್ಟಾವ ಹುಲುಗಣ್ಣ. ಹೆಸರು ಪೂರಾ ಬರಿ."

ಗಂಗಪ್ಪನ ಹಿಂದಿದ್ದವಳು ಆಗ ತಲೆ ಎತ್ತಿದಳು. ಇಪ್ಪತ್ತೆರಡು ದಾಟದ ಮುಖ, ಮೂಗಿನ ಪಕ್ಕ ಒಂದು ಮಚ್ಚೆ. ಹುಲುಗಣ್ಣನ ಕಡೆ ಅವಳು ನೋಡಲೇ ಇಲ್ಲ. ಗಂಡನನ್ನು ನೋಡುತ್ತಿದ್ದಳು, ಕಿವಿಯ ಮೇಲೆ ಬಂದ ನರೆಗೂದಲನ್ನು.